ಎಲೆಯ ಬೊಕ್ಕೆ ಕಂಡ ಮೇಲೆ ಪಂಪು ಹೊರಬೇಡಿ

ಮೊದಲಿಗೆ ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಅಂಕೋಲಾ ತಾಲೂಕಿನ ಅವರ್ಸಾ ಕಡೆ ನಮ್ಮದು ಎರಡು ಎಕರೆ ಚಿಲ್ಲರೆ ಗೇರುಗುಡ್ಡ. ಅರ್ಧ ಅಪ್ಪನ ಕಾಲದ ಬೀಜದ ಮರಗಳು, ಉಳಿದದ್ದು ನಾನು ನೆಟ್ಟ ವೆಂಗುರ್ಲಾ ಕಸಿ. ಮನೆಯಂಗಳದ ತುದಿಗೆ ಎರಡು ಕರಿ ಇಶಾಡು ಮಾವು. ಆರೇಳು ವರ್ಷದ ಹಿಂದೆ ಮಳೆ ಬಿಟ್ಟು ಗೇರು ಚೆನ್ನಾಗಿ ಚಿಗುರಿತ್ತು. ತಾಮ್ರದ ಬಣ್ಣದ ಕುಡಿ ನೋಡಿ ಈ ಸಲ ಫಸಲು ಒಳ್ಳೇದು ಬರ್ತದೆ ಎಂದು ಮನೆಯಲ್ಲಿ ಹೇಳಿಯೂ ಆಗಿತ್ತು. ಹದಿನೈದು ದಿನದಲ್ಲಿ ನೋಡಿದರೆ ಎಳೆ ಎಲೆಗಳ ಮೇಲೆಲ್ಲ ಬಿಳಿಚಿದ ಬೊಕ್ಕೆ. ಬಿಸಿ ಎಣ್ಣೆ ಸಿಡಿದು ಚರ್ಮ ಉಬ್ಬಿದ ಹಾಗೆ. ಕೆಲವು ಎಲೆ ಮುದುಡಿ ಮುದ್ದೆಯಾಗಿದ್ದವು.

ಎರಡು ಎಲೆ ಕಿತ್ತು ಜೇಬಿಗೆ ಹಾಕಿಕೊಂಡು ಪೇಟೆಗೆ ಹೋದೆ. ಔಷಧಿ ಅಂಗಡಿಯವರು ಎಲೆಯನ್ನು ಮಗುಚಿ ಕೂಡ ನೋಡಲಿಲ್ಲ. "ಹುಳ ಅಲ್ದಾ? ಇದು ಹೊಡೀರಿ, ಎಲ್ಲಾ ಹುಳಕ್ಕೂ ಆಗ್ತದೆ" ಎಂದು ಎರಡು ಬಾಟ್ಲಿ ಕೊಟ್ಟರು. ಇಬ್ಬರು ಆಳು, ಬಾಡಿಗೆ ಪಂಪು, ಕೆಳಗಿನ ಹಳ್ಳದಿಂದ ನೀರು ಹೊತ್ತು ಎರಡು ದಿನ ಹೊಡೆದೆವು. ಒಂದು ವಾರದಲ್ಲಿ ಬೊಕ್ಕೆಗಳೆಲ್ಲ ಕಂದಾಗಿ ಒಣಗಿ ಹರಿದವು. ಹುಳ ಸತ್ತಿತು, ಔಷಧಿ ನಾಟಿತು ಎಂದು ನಾಲ್ಕು ಜನರ ಹತ್ತಿರ ಹೇಳಿಕೊಂಡು ತಿರುಗಿದೆ. ಬೇಲಿಯಾಚೆಯ ಹಿರಿಯರಿಗೂ ಹೇಳಿದೆ. ಅವರು ಕವಳ ಉಗುಳಿ, "ತಮಾ, ನಾ ಏನೂ ಹೊಡೀಲಿಲ್ವಲ್ಲಾ. ನಮ್ಮಲ್ಲೂ ಹಾಂಗೇ ಒಣಗಿ ಹೋಯ್ತು" ಎಂದರು.

ಹೋಗಿ ನೋಡಿದೆ. ಹೌದು, ಅವರ ಮರದಲ್ಲೂ ಅದೇ ಒಣಗಿದ ಬೊಕ್ಕೆ, ಅದೇ ತೂತು. ಅವರಿಗೆ ಖರ್ಚು ಸೊನ್ನೆ. ಸಾಲದ್ದಕ್ಕೆ ನನ್ನ ಮರಗಳಲ್ಲಿ ಆಮೇಲೆ ಬಂದ ಚಿಗುರಿಗೆ ಮೊದಲಿಗಿಂತ ಹೆಚ್ಚು ಬೊಕ್ಕೆ ಎದ್ದಿತು. ಅವರ ಮರದಲ್ಲಿ ಅಷ್ಟಿಲ್ಲ. ಅಲ್ಲಿಂದ ಈ ಹುಳದ ಬೆನ್ನು ಹತ್ತಿದೆ. ಕೃಷಿ ಪುಸ್ತಕ ತಿರುವಿ ಹಾಕಿದೆ, ತಿಳಿದವರನ್ನು ಕೇಳಿದೆ. ಹೆಚ್ಚಿನದನ್ನು ಎಲೆ ಬಿಡಿಸಿ ನೋಡಿಯೇ ಕಲಿತೆ.

ಇದು ಎಲೆ ಸುರಂಗದ ಹುಳು. ಲಿಂಬೆ ಗಿಡದ ಎಳೆ ಎಲೆಯಲ್ಲಿ ಬೆಳ್ಳಿ ಗೆರೆಯ ಹಾವಿನಂಥ ರಂಗೋಲಿ ಹಾಕ್ತದಲ್ಲ, ಅದರದ್ದೇ ಕುಟುಂಬ. ಗೇರು ಮತ್ತು ಮಾವಿಗೆ ಬರುವ ಈ ಜಾತಿಗೆ 1914ರಲ್ಲಿ ಅಕ್ರೊಸರ್ಕಾಪ್ಸ್ ಸಿಂಗ್ರಾಮಾ ಎಂದು ಹೆಸರಿಟ್ಟರು. 1988ರ ನಂತರದ ಪುಸ್ತಕಗಳಲ್ಲಿ ಇಟಿಯೋರಿಕ್ಟಿಸ್ ಸಿಂಗ್ರಾಮಾ ಎಂದೂ ಕಾಣಬಹುದು. ಹೆಸರು ನಾಲಿಗೆ ಹೊರಳದಿದ್ದರೆ ಬಿಡಿ, ಹುಳಕ್ಕೂ ಅದು ಗೊತ್ತಿಲ್ಲ.

ಇದರ ತಾಯಿ ಒಂದು ಬೂದು ಬೆಳ್ಳಿ ಬಣ್ಣದ ಪತಂಗ. ಕೂತಾಗ ಅಕ್ಕಿಕಾಳಿಗಿಂತ ಸಣ್ಣದು, ಕಣ್ಣಿಗೆ ಬಿದ್ದರೂ ಧೂಳು ಹಾರಿತು ಎಂದುಕೊಳ್ಳುತ್ತೇವೆ. ಇದು ಎಳೆ ಎಲೆಯ ಮೇಲೆ ಮಾತ್ರ ಮೊಟ್ಟೆ ಇಡುತ್ತದೆ. ಮರಿ ಹೊರಬಂದದ್ದೇ ಎಲೆಯ ಚರ್ಮದಡಿ ನುಗ್ಗುತ್ತದೆ. ಮೊದಲ ದಿನಗಳಲ್ಲಿ ಕೂದಲೆಳೆಯಷ್ಟು ಸಪೂರ ಗೆರೆ. ಮರಿ ಬೆಳೆದ ಹಾಗೆ ಗೆರೆ ಅಗಲವಾಗುತ್ತದೆ, ಅಕ್ಕಪಕ್ಕದ ಗೆರೆಗಳು ಕೂಡಿ ಬೊಕ್ಕೆಯಾಗುತ್ತದೆ. ಹುಳು ಚರ್ಮ ತಿನ್ನುವುದಿಲ್ಲ, ಅದರಡಿಯ ಹಸಿರನ್ನಷ್ಟೇ ತಿನ್ನುತ್ತದೆ. ಚರ್ಮ ಅದಕ್ಕೆ ಮಾಡು. ಮಳೆ, ಬಿಸಿಲು, ಹಕ್ಕಿ ಯಾವುದರ ಚಿಂತೆಯೂ ಇಲ್ಲ.

ಸಣ್ಣ ಹುಳು ಬಿಳಿಚಿಕೊಂಡಿರುತ್ತದೆ, ಬೆಳೆದದ್ದು ಕೆಂಪು. ಎರಡು ವಾರದೊಳಗೆ ಒಳಗಿನ ಊಟ ಮುಗಿಯುತ್ತದೆ. ಆಮೇಲೆ ಚರ್ಮ ಹರಿದು ಹೊರಬಂದು ಕೆಳಗೆ ಬಿದ್ದು ಮಣ್ಣಿನಲ್ಲಿ ಕೋಶ ಕಟ್ಟುತ್ತದೆ. ಅಲ್ಲಿ ಒಂದು ವಾರ, ಒಂಬತ್ತು ದಿನ. ಮೊಟ್ಟೆಯಿಂದ ಪತಂಗದ ತನಕ ಒಟ್ಟು ಮೂರು ವಾರದ ಆಸುಪಾಸು. ಬಿಟ್ಟುಹೋದ ಬೊಕ್ಕೆ ಒಣಗಿ ಉದುರುತ್ತದೆ. ಬಲಿತ ಗೇರೆಲೆಯಲ್ಲಿ ನಾವು ಕಾಣುವ ದೊಡ್ಡ ದೊಡ್ಡ ತೂತು ಇದರದ್ದೇ. ಅದನ್ನು ನೋಡಿ ಕಂಬಳಿಹುಳ ತಿಂದದ್ದು ಎಂದು ನಾನು ಎಷ್ಟೋ ವರ್ಷ ನಂಬಿದ್ದೆ.

ಈಗ ಲೆಕ್ಕ ಹಾಕಿ. ಕೂದಲೆಳೆಯ ಗೆರೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ದೂರದಿಂದ ಬಿಳಿ ಬೊಕ್ಕೆ ಕಾಣುವ ಹೊತ್ತಿಗೆ ಹುಳು ಊಟ ಮುಗಿಸಿ ಕೈ ತೊಳೆಯುತ್ತಿರುತ್ತದೆ. ನಾವು ಎಲೆ ಕಿತ್ತು, ಪೇಟೆಗೆ ಹೋಗಿ, ಆಳು ಹುಡುಕಿ, ಪಂಪು ತರುವ ಹೊತ್ತಿಗೆ ಅದು ಮಣ್ಣಿನಲ್ಲಿ. ನಾನು ಎರಡು ದಿನ ಹೊಡೆದದ್ದು ಹೆಚ್ಚಾಗಿ ಖಾಲಿ ಮನೆಗೆ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಆ ನಂತರದ ವರ್ಷ ಬೊಕ್ಕೆ ಇರುವ ಎಲೆಗಳನ್ನು ಬೆಳಕಿಗೆ ಹಿಡಿದು ನೋಡತೊಡಗಿದೆ. ಮಗಳ ಶಾಲೆಯ ಭೂತಗನ್ನಡಿ, ಒಂದು ಬ್ಲೇಡು, ಇಷ್ಟೇ ಸಾಮಾನು. ಬೊಕ್ಕೆಯ ಮೇಲ್ಚರ್ಮ ಮೆಲ್ಲಗೆ ಎತ್ತಿದರೆ ಕೆಲವು ಖಾಲಿ, ಹುಳುವಿನ ಕರಿ ಹಿಕ್ಕೆ ಮಾತ್ರ. ಕೆಲವದರಲ್ಲಿ ಜೀವಂತ ಹುಳು. ಇನ್ನು ಕೆಲವದರಲ್ಲಿ ಹುಳು ಸತ್ತು ಕಪ್ಪಾಗಿ ಸೊರಗಿದೆ, ಪಕ್ಕದಲ್ಲಿ ಬೇರೆಯೇ ಒಂದು ಮರಿ ಅಥವಾ ಕೋಶ. ಇದೇನೆಂದು ತಿಳಿಯದೆ ಅಂಥ ಎಲೆಗಳನ್ನು ಬಾಟ್ಲಿಯಲ್ಲಿಟ್ಟೆ. ಕೆಲವು ದಿನದ ಮೇಲೆ ಹೊರಬಂದದ್ದು ಪತಂಗ ಅಲ್ಲ. ಸಾಸಿವೆಗಿಂತ ಸಣ್ಣ, ಹಸಿರು ಮಿಂಚಿನ ಕಣಜ. ಪರೋಪಜೀವಿ ಕಣಜ ಎನ್ನುವುದು ಇದಕ್ಕೇ. ಎಲೆಯ ಹೊರಗೆ ಓಡಾಡಿ ಒಳಗಿನ ಹುಳು ಎಲ್ಲಿದೆ ಎಂದು ಪತ್ತೆ ಮಾಡಿ, ಚರ್ಮದ ಮೂಲಕವೇ ಸೂಜಿ ಚುಚ್ಚಿ ಮೊಟ್ಟೆ ಇಡುತ್ತದೆ. ಅದರ ಮರಿಗೆ ಹುಳುವೇ ಊಟ.

ಹುಳು ಎಲೆಯ ಒಳಗೆ, ಅದನ್ನು ಕೊಲ್ಲುವವನು ಎಲೆಯ ಹೊರಗೆ. ತಾಗಿದರೆ ಸಾಯುವ ಔಷಧಿಯನ್ನು ಎಲೆಯ ಮೇಲೆ ಹೊಡೆದರೆ ಯಾರಿಗೆ ತಾಗುತ್ತದೆ? ಎಲೆಯೊಳಗೆ ಇಳಿಯುವ ಔಷಧಿಗಳೂ ಇವೆ, ಇಲ್ಲ ಎನ್ನುವುದಿಲ್ಲ. ಹಳೇ ಪುಸ್ತಕಗಳಲ್ಲಿ ಈ ಹುಳುವಿಗೆ ಮೋನೊಕ್ರೊಟೊಫಾಸ್ ಎಂದು ಬರೆದಿದೆ. 2005ರಲ್ಲಿ ತರಕಾರಿಗೆ ಹೊಡೆಯಬಾರದು ಎಂದು ಸರಕಾರವೇ ನಿಷೇಧಿಸಿದ ವಿಷ ಅದು. ಅದನ್ನು ಗೇರುಗುಡ್ಡದ ಇಳಿಜಾರಿನಲ್ಲಿ, ಕೆಳಗೆ ಬಾವಿ, ಹಳ್ಳ, ದನ ಮೇಯುವ ಬೇಣ ಇರುವಲ್ಲಿ, ತಲೆಯ ಮೇಲಿನ ಕೊಂಬೆಗೆ ಹೊಡೆಯುವುದು ಒಂದು ತೂತಿನ ಎಲೆಗೋಸ್ಕರ. ನನಗೆ ಸರಿ ಕಾಣಲಿಲ್ಲ.

ಈ ಹುಳು ಲೋಕದಲ್ಲಿ ನಮಗೊಬ್ಬರಿಗೇ ಬಂದದ್ದಲ್ಲ. ಲಿಂಬೆಯ ರಂಗೋಲಿ ಹುಳುವನ್ನು ಕಲ್ಕತ್ತೆಯಿಂದ ಹೋದ ಮಾದರಿ ನೋಡಿ 1856ರಲ್ಲಿ ಸ್ಟೇಂಟನ್ ಎಂಬ ಇಂಗ್ಲಿಷ್ ಪಂಡಿತ ವರ್ಣಿಸಿದ್ದ. ಏಷ್ಯಾದ ಆ ಹುಳು 1993ರಲ್ಲಿ ಅಮೆರಿಕದ ಫ್ಲೋರಿಡಾದ ಕಿತ್ತಳೆ ತೋಟಗಳಿಗೆ ನುಗ್ಗಿತು. ಅಲ್ಲಿಯವರಿಗೆ ದುಡ್ಡಿಗೆ, ಔಷಧಿಗೆ, ಯಂತ್ರಕ್ಕೆ ಏನು ಕೊರತೆ? ಆದರೂ 1994ರಲ್ಲಿ ಆಸ್ಟ್ರೇಲಿಯಾದಿಂದ ಒಂದು ಪುಟ್ಟ ಕಣಜವನ್ನು ತರಿಸಿ ತೋಟಗಳಿಗೆ ಬಿಟ್ಟರು. ಅವರು ಸಮುದ್ರ ದಾಟಿಸಿ ತರಿಸಿದಂಥ ಕೆಲಸಗಾರ ನಮ್ಮ ಗುಡ್ಡದಲ್ಲಿ ಪುಕ್ಕಟೆ ಇದ್ದಾನೆ. ನಾವು ಬಾಟ್ಲಿ ಕೊಂಡು ತಂದು ಅವನನ್ನೇ ಓಡಿಸುತ್ತೇವೆ. ನನ್ನ ಮರಗಳ ಎರಡನೇ ಚಿಗುರಿಗೆ ಬೊಕ್ಕೆ ಹೆಚ್ಚಾದದ್ದು ಇದರಿಂದಲೇ ಎಂಬುದು ನನ್ನ ಅಭಿಪ್ರಾಯ.

ಗೇರು ನಮ್ಮ ಮರ ಅಲ್ಲ. ಬ್ರೆಜಿಲ್ ಕಡೆಯಿಂದ ಹದಿನಾರನೇ ಶತಮಾನದಲ್ಲಿ ಪೋರ್ತುಗೀಸರು ತಂದದ್ದು. ಮಾವು ಮಾತ್ರ ಇಲ್ಲಿಯದೇ, ಮತ್ತು ಗೇರು ಮಾವು ಒಂದೇ ಕುಲದವು. ಕಾಯಿಯ ಸೊನೆ ಮೈಗೆ ತಾಗಿದರೆ ಎರಡರಿಂದಲೂ ಸುಡುತ್ತದಲ್ಲ, ಅದೇ ಸಾಕ್ಷಿ. ಹಾಗಾಗಿ ಈ ಪತಂಗ ಮೊದಲು ಮಾವಿನ ಮನೆಯಲ್ಲಿದ್ದು, ಕರಾವಳಿಗೆ ಬಂದ ಹೊಸ ನೆಂಟನ ಮನೆಗೂ ನುಗ್ಗಿರಬೇಕು ಎಂಬುದು ನನ್ನ ಊಹೆ. ಅಂಗಳದ ಕರಿ ಇಶಾಡಿನ ಚಿಗುರಿನಲ್ಲೂ ಇಂಥದ್ದೇ ಬೊಕ್ಕೆ ಕಾಣುತ್ತೇನೆ. ಆ ಮರ ಅಜ್ಜನ ಕಾಲದ್ದು. ಅದಕ್ಕೆ ಯಾರೂ ಯಾವತ್ತೂ ಔಷಧಿ ಹೊಡೆದವರಿಲ್ಲ. 2023ರಲ್ಲಿ ಅಂಕೋಲೆಯ ಕರಿ ಇಶಾಡಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಬಂತು. ಅದಕ್ಕಿಂತ ಎಷ್ಟೋ ಮುಂಚಿನಿಂದ ಹಾಲಕ್ಕಿ ಹೆಂಗಸರು ಹೆದ್ದಾರಿ ಬದಿಗೆ ಬುಟ್ಟಿಯಿಟ್ಟು ಅದನ್ನು ಮಾರುತ್ತ ಬಂದಿದ್ದಾರೆ. ಹಣ್ಣು ಕೊಳ್ಳುವವರು ಯಾರೂ ಎಲೆ ಹೇಗಿತ್ತು ಎಂದು ಕೇಳಿದ್ದಿಲ್ಲ.

ಇಲ್ಲಿ ಕಾರವಾರದ ಒಂದು ಹಳೇ ಸಂಗತಿ ನೆನಪಾಗುತ್ತದೆ. ನೂರಿಪ್ಪತ್ತೈದು ವರ್ಷದ ಹಿಂದೆ ಕಾರವಾರದಲ್ಲಿ ಮೂವರು ಸರಕಾರಿ ನೌಕರರಿದ್ದರು. ಡೇವಿಡ್‌ಸನ್ ಕಲೆಕ್ಟರು, ಬೆಲ್ ಅರಣ್ಯ ಇಲಾಖೆಯವರು, ಏಟ್ಕಿನ್ ಉಪ್ಪು ಸುಂಕದವರು. ಬಿಡುವಿದ್ದಾಗ ಮೂವರೂ ಕಂಬಳಿಹುಳ ಹುಡುಕುವವರು. ತಂದು, ಅದು ಯಾವ ಗಿಡದ ಎಲೆ ತಿನ್ನುತ್ತದೋ ಅದೇ ಎಲೆ ಹಾಕಿ ಸಾಕಿ, ಯಾವ ಚಿಟ್ಟೆ ಹೊರಬರುತ್ತದೆ ಎಂದು ಬರೆದಿಡುವವರು. ಅವರ ಉತ್ತರ ಕನ್ನಡದ ಚಿಟ್ಟೆಗಳ ಪಟ್ಟಿ 1896ರಿಂದ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಬಂತು. ಬೆಲ್ ನಿವೃತ್ತಿಯ ಮೇಲೂ ಊರಿಗೆ ಹೋಗದೆ ಕಾರವಾರದಲ್ಲೇ ಉಳಿದು 1948ರಲ್ಲಿ ಅಲ್ಲೇ ತೀರಿಕೊಂಡರು. ಇನ್ನು ಸಣ್ಣ ಪತಂಗಗಳ ಹೆಸರಿಡುವ ಕೆಲಸ ಮಾಡಿದ್ದು ಮೇರಿಕ್ ಎಂಬ ಇಂಗ್ಲೆಂಡಿನ ಶಾಲಾ ಮಾಸ್ತರು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜಾತಿಗಳನ್ನು ವರ್ಣಿಸಿದ ಮನುಷ್ಯ. ನಮ್ಮ ಗೇರಿನ ಹುಳುವಿಗೆ ಹೆಸರು ಕೊಟ್ಟದ್ದೂ ಅವರೇ. ಅವರ ಪುಸ್ತಕಗಳಲ್ಲಿ ಕಾರವಾರ ಎಂಬ ಊರಿನ ಹೆಸರು ಮತ್ತೆ ಮತ್ತೆ ಬರುತ್ತದೆ.

ಪರದೇಶದ ಸಾಹೇಬರನ್ನು ಹೊಗಳುವುದಕ್ಕೆ ಇದನ್ನು ಬರೆದದ್ದಲ್ಲ. ಅವರು ಬಾಟ್ಲಿಯಲ್ಲಿ ಎಲೆಯಿಟ್ಟು ಕಲಿತರು. ಗುಡ್ಡ ನಮ್ಮದು, ಮರ ನಮ್ಮದು, ನಷ್ಟವೂ ನಮ್ಮದು, ಆದರೆ ನಾವು ಎಲೆ ಹಿಡಿದು ಓಡುವುದು ಅಂಗಡಿಗೆ. ಅದು ನನಗೆ ನಾಚಿಕೆಯಾದ ವಿಷಯ.

ಹಾಗಾದರೆ ಗೇರಿಗೆ ಹುಳದ ಕಾಟವೇ ಇಲ್ಲವೆ ಎಂದು ಕೇಳಬಹುದು. ಇದೆ, ಮತ್ತು ಅದನ್ನೂ ಇದನ್ನೂ ಕಲಸಿದರೆ ಕೆಟ್ಟೆವು. ಗೇರಿನ ನಿಜವಾದ ವೈರಿ ಟೀ ಸೊಳ್ಳೆ. ಅದು ಕುಡಿ, ಹೂಗೊಂಚಲು, ಎಳೆ ಬೀಜದ ರಸ ಹೀರುತ್ತದೆ. ಚುಚ್ಚಿದಲ್ಲಿ ಮೊದಲು ನೀರು ಒಸರಿದಂಥ ಚುಕ್ಕೆ, ಆಮೇಲೆ ಕಪ್ಪು ಗಾಯ, ಕೊನೆಗೆ ಕುಡಿಯೇ ಸುಟ್ಟ ಹಾಗೆ ಒಣಗುತ್ತದೆ. ಫಸಲಿನ ಮೂರನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೋಗುವುದು ಇದರಿಂದ. ಎಲೆ ಸುರಂಗದ ಹುಳು ಕುಡಿಯ ದಂಟಿಗೆ ಕೈ ಹಾಕುವುದಿಲ್ಲ. ಎಲೆಯಲ್ಲಿ ಬಿಳಿ ಬೊಕ್ಕೆ ಇದ್ದು ದಂಟು ಹಸಿರಾಗಿ ನೆಟ್ಟಗಿದ್ದರೆ ಅದು ಸುರಂಗದ ಹುಳು. ದಂಟಿನಲ್ಲೇ ಕಪ್ಪು ಗಾಯ ಇದ್ದರೆ ಟೀ ಸೊಳ್ಳೆ. ಇಷ್ಟು ನೋಡಲು ಭೂತಗನ್ನಡಿಯೂ ಬೇಡ. ಟೀ ಸೊಳ್ಳೆಗೆ ಚಿಗುರುವಾಗ, ಹೂ ಬಿಡುವಾಗ, ಕಾಯಿ ಕಚ್ಚುವಾಗ ಎಂದು ಮೂರು ಸಿಂಪರಣೆ ಶಿಫಾರಸು ಇದೆ. ಅದರ ಚರ್ಚೆಗೆ ಇನ್ನೊಂದು ಲೇಖನವೇ ಬೇಕು. ನನ್ನ ಗುಡ್ಡದಲ್ಲಿ ಚಗಳಿ ಗೂಡಿರುವ ಮರಗಳಲ್ಲಿ ಟೀ ಸೊಳ್ಳೆ ಕಡಿಮೆ. ಬೀಜ ಹೆಕ್ಕುವಾಗ ಕಚ್ಚಿಸಿಕೊಳ್ಳುವುದು ಅದರ ಬಾಡಿಗೆ. ಔಷಧಿ ಹೊಡೆದ ಆ ವರ್ಷ ಕಸಿ ಮರಗಳ ಚಗಳಿ ಗೂಡುಗಳೂ ಖಾಲಿಯಾದವು. ಜನವರಿಯಲ್ಲಿ ಹೂಗೊಂಚಲು ಕರಿದಾದಾಗ ಅದರ ಬೆಲೆ ಗೊತ್ತಾಯಿತು.

ಟೀ ಸೊಳ್ಳೆಯ ಹೆಸರಿನಲ್ಲಿ ಏನಾಯಿತು ಎಂಬುದು ಗೇರು ಬೆಳೆಯುವ ಯಾರಿಗೂ ಮರೆಯುವಂಥದ್ದಲ್ಲ. ಕಾಸರಗೋಡಿನ ಗೇರು ತೋಪುಗಳ ಮೇಲೆ 2000ನೇ ಇಸವಿಯ ತನಕ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ನಮ್ಮ ರಾಜ್ಯದಲ್ಲಿ ಬೆಳ್ತಂಗಡಿಯ ಕೊಕ್ಕಡದ ಕಡೆಯ ಗೇರು ತೋಪುಗಳಲ್ಲೂ ಅದೇ ಆಯಿತು. ಅಲ್ಲಿಯ ಮಕ್ಕಳ ಸ್ಥಿತಿ ನೋಡಿದವರಿಗೆ ಹೇಳಬೇಕಾಗಿಲ್ಲ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶಕ್ಕೇ ನಿಲ್ಲಿಸಿತು. ಅದು ದೊಡ್ಡ ತೋಪುಗಳ ಕಥೆ, ನಮ್ಮಂಥ ಎರಡೆಕರೆಯವರದ್ದಲ್ಲ ಎನ್ನಬಹುದು. ಆದರೆ ಹುಳದ ಮುಖ ನೋಡದೆ ವಿಷ ಹೊಡೆಯುವ ಅಭ್ಯಾಸ ದೊಡ್ಡವರಿಗೂ ಸಣ್ಣವರಿಗೂ ಒಂದೇ. ಪಂಪಿನ ಗಾತ್ರ ಮಾತ್ರ ಬೇರೆ.

ಸುರಂಗದ ಹುಳುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾದ ಜಾಗವೂ ಒಂದಿದೆ. ಅದು ಎಳೆ ಗಿಡ. ಕಾರವಾರ ತಾಲೂಕಿನ ಅಮದಳ್ಳಿಯಲ್ಲಿ ನನ್ನ ಅಕ್ಕನ ಮನೆ. ಅಲ್ಲಿ ನಲವತ್ತು ಕಸಿ ನೆಟ್ಟರು. ಮೊದಲ ವರ್ಷದ ಕಸಿ ಗಿಡಕ್ಕೆ ಇರುವುದೇ ಹತ್ತಿಪ್ಪತ್ತು ಎಲೆ. ಅದರಲ್ಲಿ ಎಂಟು ಹತ್ತು ಬೊಕ್ಕೆ ಎದ್ದರೆ ಗಿಡ ಉಣ್ಣುವುದು ಎಲ್ಲಿಂದ? ಅಕ್ಕ ಫೋನು ಮಾಡಿ, "ನೀನು ಹೊಡೀಬೇಡ ಅಂತೀಯ, ಇಲ್ಲಿ ಗಿಡ ಬೋಳಾಗ್ತಾ ಉಂಟು" ಎಂದು ಜಗಳಕ್ಕೇ ಬಂದಳು. ಅವಳ ಮಾತು ಸರಿಯೇ. ಬೆಳೆದ ಮರಕ್ಕೆ ಹೇಳಿದ ಮಾತನ್ನು ಸಸಿಗೆ ಹೇಳಬಾರದು. ಆದರೆ ಎಳೆ ಗಿಡದಲ್ಲಿ ಒಂದು ಅನುಕೂಲ ಇದೆ, ಕೈಗೆ ಎಟುಕುತ್ತದೆ. ಚಿಗುರು ತಾಮ್ರದ ಬಣ್ಣದಲ್ಲಿರುವಾಗ ಎರಡು ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಎಲೆಯನ್ನು ಸೂರ್ಯನ ಬೆಳಕಿಗೆ ಎತ್ತಿ ನೋಡಬೇಕು. ಸಪೂರ ಗೆರೆ ಕಂಡಲ್ಲಿ ಎರಡು ಬೆರಳಿನ ನಡುವೆ ಒತ್ತಿದರೆ ಹುಳು ಅಲ್ಲೇ ಮುಗಿಯಿತು, ಎಲೆ ಉಳಿಯಿತು. ಅಕ್ಕನ ಮೊಮ್ಮಕ್ಕಳು ಇದನ್ನು ಆಟದ ಹಾಗೆ ಮಾಡಿದರು. ಬೊಕ್ಕೆ ದೊಡ್ಡದಾದ ಎಲೆಯನ್ನು ಚಿವುಟಿ ತೆಗೆದರು. ಕುಡಿ ಒಡೆಯುವಾಗ ಬೇವಿನೆಣ್ಣೆ ಸಾಬೂನಿನ ನೀರನ್ನೂ ಹೊಡೆದರು. ನಲವತ್ತು ಗಿಡಕ್ಕೆ ಇದು ಆಗುತ್ತದೆ. ನರ್ಸರಿಯಲ್ಲಿ ಸಾವಿರಗಟ್ಟಲೆ ಗಿಡ ಇಟ್ಟವರು ಔಷಧಿ ಬೇಕೇ ಬೇಕು ಎಂದರೆ ನಾನು ವಾದ ಮಾಡಲಾರೆ. ಅವರಾದರೂ ಚಿಗುರು ಎಳೆಯದಿರುವಾಗ ಹೊಡೆಯಲಿ. ಎಲೆ ಹಸಿರಾಗಿ ಗಟ್ಟಿಯಾದ ಮೇಲೆ ಈ ಹುಳು ಅದಕ್ಕೆ ಹೊಸದಾಗಿ ನುಗ್ಗುವುದೇ ಇಲ್ಲ.

ಇದೇ ಕಾರಣಕ್ಕೆ ಮರಕ್ಕೆ ವರ್ಷವಿಡೀ ಚಿಲ್ಲರೆ ಚಿಲ್ಲರೆ ಚಿಗುರು ಬರುವ ಹಾಗೆ ಮಾಡಬಾರದು. ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಹೊಯ್ಯುವ ನಮ್ಮಲ್ಲಿ ಗೊಬ್ಬರ ಹಾಕುವ ಹದ ಸಿಗುವುದು ಕಷ್ಟ. ಕಂಡಾಗ ಒಂದು ಮುಷ್ಟಿ ಯೂರಿಯಾ ಎಸೆದು ಬರುವ ರೂಢಿ ಇದೆ. ಹಾಗೆ ಎಸೆದಾಗಲೆಲ್ಲ ಹುಳುವಿಗೆ ಹೊಸ ಊಟ ಬಡಿಸಿದ ಹಾಗೆ.

ಇಲಾಖೆಯವರಿಗೂ ಸಂಶೋಧನೆಯವರಿಗೂ ನನ್ನದೊಂದು ತಕರಾರು ಇದೆ. ನಮಗೆ ಕೊಡುವ ಹಾಳೆಗಳಲ್ಲಿ ಕಾಂಡ ಕೊರಕ, ಟೀ ಸೊಳ್ಳೆ, ಎಲೆ ಸುರಂಗದ ಹುಳು ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದು, ಎದುರಿಗೆ ಒಂದೊಂದು ಔಷಧಿ, ಲೀಟರಿಗೆ ಇಷ್ಟು ಎಂದು ಹಾಕಿರುತ್ತಾರೆ. ಓದಿದವನಿಗೆ ಮೂರೂ ಸಮಾನ ಎಂದೇ ಅನಿಸುತ್ತದೆ. ಕಾಂಡ ಕೊರಕ ಮರವನ್ನೇ ಕೊಲ್ಲುತ್ತದೆ. ಟೀ ಸೊಳ್ಳೆ ಫಸಲು ಕೊಲ್ಲುತ್ತದೆ. ಇದು ಎಲೆಗೆ ತೂತು ಮಾಡುತ್ತದೆ. ಈ ವ್ಯತ್ಯಾಸವನ್ನು ದಪ್ಪ ಅಕ್ಷರದಲ್ಲಿ ಬರೆದರೆ ಏನು ನಷ್ಟ? ಎಷ್ಟು ಹೊಡೆಯಬೇಕು ಎಂದು ಹೇಳುವ ಹಾಗೆಯೇ ಯಾವಾಗ ಹೊಡೆಯಬೇಕಾಗಿಲ್ಲ ಎಂದೂ ಒಂದು ಸಾಲು ಬೇಕು. ಗೇರಿಗೇ ಆದ ಸಂಶೋಧನಾಲಯ ಪುತ್ತೂರಿನಲ್ಲಿ 1986ರಿಂದ ಇದೆ. ವೆಂಗುರ್ಲಾ ನಮಗೆ ಇನ್ನೂ ಹತ್ತಿರ. ಅವರು ಕಾರವಾರ ಅಂಕೋಲೆಯ ಗುಡ್ಡಗಳಿಗೆ ಬಂದು ಇಲ್ಲಿ ಚಿಗುರು ಯಾವಾಗ ಬರುತ್ತದೆ, ಬೊಕ್ಕೆ ಯಾವಾಗ, ಕಣಜ ಎಷ್ಟು ಎಂದು ಒಂದು ಹಂಗಾಮು ನೋಡಿ ಹೋದರೆ ನಾವು ಚಹಾ ಕೊಟ್ಟು ಉಪಚರಿಸುತ್ತೇವೆ.

ಸಣ್ಣ ವಿಷಯವನ್ನು ದೊಡ್ಡದು ಮಾಡಿದೆ ಎಂದು ಕೆಲವರಿಗೆ ಅನಿಸೀತು. ನಮ್ಮ ಎರಡು ತಾಲೂಕಿನವರು ಸೀಬರ್ಡಿಗೆ, ಕೊಂಕಣ ರೈಲಿಗೆ, ನಾಲ್ಕು ಪಥದ ಹೆದ್ದಾರಿಗೆ ಒಂದರ ಮೇಲೊಂದು ಜಮೀನು ಬಿಟ್ಟುಕೊಟ್ಟವರು. ಹಲವರಿಗೆ ಗದ್ದೆ ಹೋಗಿ ಉಳಿದದ್ದು ಚೀರೆಕಲ್ಲಿನ ಗುಡ್ಡ ಮತ್ತು ಅದರ ಮೇಲಿನ ಗೇರು. ಬೀಜದ ದರ ಮಾಡುವವರು ನಾವಲ್ಲ. ನಮ್ಮ ಕೈಯಲ್ಲಿ ಇರುವುದು ಖರ್ಚು ಒಂದೇ. ಆ ವರ್ಷ ನನಗೆ ಔಷಧಿ, ಆಳು, ಬಾಡಿಗೆ ಸೇರಿ ಹೋದ ದುಡ್ಡಿನಲ್ಲಿ ಕಸಿ ಮರಗಳ ಬುಡಕ್ಕೆಲ್ಲ ಸೊಪ್ಪು ಗೊಬ್ಬರ ಹಾಕಿ ಮುಗಿಸಬಹುದಿತ್ತು.

ಈ ಸಲ ಮಳೆ ಬಿಟ್ಟ ಮೇಲೆ ಹತ್ತು ಮರ ಆರಿಸಿ, ಮರಕ್ಕೆ ಐದು ಕುಡಿಗೆ ಬಣ್ಣದ ನೂಲು ಕಟ್ಟಿ ವಾರಕ್ಕೊಮ್ಮೆ ಬೊಕ್ಕೆ ಎಣಿಸುವುದೆಂದು ಮಾಡಿದ್ದೇನೆ. ಐದು ಮರ ಮಾವಿನ ಹತ್ತಿರದವು, ಐದು ದೂರದವು. ಕಾರವಾರ, ಅಂಕೋಲಾ, ಕುಮಟಾ ಕಡೆಯ ಓದುಗರು ಯಾರಾದರೂ ಜೊತೆಗೆ ಮಾಡುವುದಾದರೆ ಚಿಗುರು ಬಂದ ತಾರೀಕು, ಬೊಕ್ಕೆ ಕಂಡ ತಾರೀಕು ಬರೆದಿಟ್ಟು ಪತ್ರಿಕೆಗೆ ಕಾಗದ ಬರೆಯಿರಿ. ಬಾಟ್ಲಿಯಲ್ಲಿ ಎಲೆ ಇಡುವವರು ತಳಕ್ಕೆ ಎರಡು ಬೆರಳು ದಪ್ಪ ತೇವದ ಮರಳು ಹಾಕಿ, ಹುಳು ಕೋಶ ಕಟ್ಟಲು ಇಳಿಯುವುದು ಅಲ್ಲಿಗೇ. ಬಾಯಿಗೆ ಹಳೇ ಲುಂಗಿಯ ಬಟ್ಟೆ ಬಿಗಿಯಿರಿ. ಸೊಳ್ಳೆ ಪರದೆ ಕಟ್ಟಬೇಡಿ. ನನ್ನ ಮೊದಲ ಬಾಟ್ಲಿಗೆ ಅದನ್ನೇ ಕಟ್ಟಿದ್ದೆ, ಕಣಜವೆಲ್ಲ ತೂತಿನಲ್ಲಿ ಹೊರಗೆ ಹೋಗಿ, ಬೆಳಿಗ್ಗೆ ನೋಡುವಾಗ ಕಿಟಕಿಯ ಗಾಜಿನ ಮೇಲೆ ಓಡಾಡುತ್ತಿದ್ದವು.